ತಲೆ ತುರಿಕೆ: ಡಾಕ್ಟರ್ ಸಿಗುವವರೆಗೆ ಕೊಬ್ಬರಿ ಎಣ್ಣೆಯೋ, ಕೀಟೋಕೊನಜೋಲ್ ಶಾಂಪೂವೋ?

ಚರ್ಮದ ಡಾಕ್ಟರ್ ಸಿಗುವುದು ತಡ, ಅಲ್ಲಿಯವರೆಗೆ ಏನು ಹಚ್ಚಲಿ ಎಂದು ಕೇಳಿದ್ದೀರಿ. ಮೊದಲು ಹೊಟ್ಟು ನೋಡಿಕೊಳ್ಳಿ.

ಹೊಟ್ಟು ಜಿಡ್ಡಾಗಿ, ಹಳದಿಯಾಗಿದ್ದು, ಹುಬ್ಬು, ಮೂಗಿನ ಪಕ್ಕದಲ್ಲೂ ಉದುರುತ್ತಿದ್ದರೆ ಎಣ್ಣೆ ಬೇಡ. ಇಂಥ ತುರಿಕೆಯ ಹಿಂದೆ ಹೆಚ್ಚಾಗಿ ಮಲಸೀಜಿಯ ಎಂಬ ಶಿಲೀಂಧ್ರ ಇರುತ್ತದೆ. ಅದು ಬದುಕುವುದೇ ಜಿಡ್ಡಿನ ಮೇಲೆ. ಅಜ್ಜಿ ಕಾಲದ ಎಣ್ಣೆ ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಇಲ್ಲಿ ಶಿಲೀಂಧ್ರಕ್ಕೆ ಮದ್ದಾದ ಕೀಟೋಕೊನಜೋಲ್ 2% ಇರುವ ಶಾಂಪೂವೇ ಸರಿ. ವಾರಕ್ಕೆ 2 ಸಲ ಹಾಕಿ, ನೊರೆಯನ್ನು 3–5 ನಿಮಿಷ ಹಾಗೇ ಬಿಟ್ಟು ತೊಳೆಯಿರಿ. ತಕ್ಷಣ ತೊಳೆದರೆ ಸುಮ್ನೆ ದುಡ್ಡು ದಂಡ. ಬೆಲೆ ಮಾಮೂಲಿ ಶಾಂಪೂಗಿಂತ ಜಾಸ್ತಿ, ಫಲ ಕಾಣಲು 2–4 ವಾರವೂ ಬೇಕು. ಬಸುರಿಯರು, ಮಕ್ಕಳಿಗಾದರೆ ಡಾಕ್ಟರನ್ನು ಕೇಳಿಯೇ ಬಳಸಿ.

ಹೊಟ್ಟು ಒಣ ಪುಡಿಯಂತಿದ್ದು, ಚಳಿಗಾಲದಲ್ಲಿ ಚರ್ಮ ಬಿಗಿಯುತ್ತಿದ್ದರೆ ಕೊಬ್ಬರಿ ಎಣ್ಣೆ ಹಿತ. ಖರ್ಚೂ ಕಡಿಮೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ.

ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದೆಯಾ? ಹಾಗಾದರೆ ಮೊದಲು ಹೇನು ಹುಡುಕಿ.

ಡಾಕ್ಟರ್ ಬಳಿ ಹೋಗುವ ದಿನ ಎಣ್ಣೆ ಹಚ್ಚಬೇಡಿ, ಚರ್ಮ ಸರಿಯಾಗಿ ಕಾಣಬೇಕಲ್ವಾ? ಕೀವು, ನೋವು, ಅಲ್ಲಲ್ಲಿ ಗುಂಡಗೆ ಕೂದಲು ಉದುರುವುದು ಕಂಡರೆ ಎಣ್ಣೆ, ಶಾಂಪೂ ಎರಡನ್ನೂ ಬಿಟ್ಟು ಬೇಗ ತೋರಿಸಿ.