ಮನೆ ಮಷಿನ್, ಜಿಮ್ ಮಷಿನ್, ಟೈಲರ್ ಟೇಪು: ಮೂರರಲ್ಲಿ ಯಾವುದನ್ನು ನಂಬಬೇಕು?

ನಮ್ಮ ಬಳ್ಳಾರಿಯಲ್ಲೂ ಈಗ ಜಿಮ್ಮಿಗೆ ಹೋಗುವ ಹೆಣ್ಣುಮಕ್ಕಳು ಜಾಸ್ತಿ. "ನಿಂದು ಫ್ಯಾಟ್ ಎಷ್ಟು ಪರ್ಸೆಂಟ್?" ಅನ್ನುವ ಮಾತೂ ಜಾಸ್ತಿ. ಮೈಯ ಕೊಬ್ಬು ತಿಳಿಯಲು ಈ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಟೇಪಿಗೆ.

ಮನೆಯ ಸ್ಮಾರ್ಟ್ ತೂಕದ ಮಷಿನ್ ಅಂಗಾಲಿನಿಂದ ಸಣ್ಣ ಕರೆಂಟ್ ಹರಿಸುತ್ತದೆ. ಸ್ನಾಯುವಿನಲ್ಲಿ ನೀರು ಹೆಚ್ಚು, ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬು ತಡೆಯುತ್ತದೆ. ಆ ತಡೆ, ಎತ್ತರ, ವಯಸ್ಸು ಎಲ್ಲ ಸೇರಿಸಿ ಅದು ಲೆಕ್ಕ ಹಾಕುತ್ತದೆ, ನೇರವಾಗಿ ಕೊಬ್ಬನ್ನು ಅಳೆಯುವುದಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಮೈನೀರು ಬೆಳಿಗ್ಗೆ ಇದ್ದಷ್ಟು ಸಂಜೆಗೆ ಇರುತ್ತದಾ? ನನಗೆ ಒಂದೇ ದಿನ 31 ಮತ್ತು 34 ಎರಡೂ ಬಂದಿವೆ. ಮುಟ್ಟಿನ ಮುಂಚೆ ಮೈ ನೀರು ಹಿಡಿದಾಗ ಅದರ ಲೆಕ್ಕವೇ ಬೇರೆ. ಕರೆಂಟ್ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುವುದರಿಂದ ಹೊಟ್ಟೆಯದ್ದು ಬಹುಪಾಲು ಅಂದಾಜು.

ಜಿಮ್ಮಿನದ್ದು ಇದಕ್ಕಿಂತ ವಾಸಿ. ಕೈಯಲ್ಲೂ ಹಿಡಿ ಇರುತ್ತದೆ, ಕೈ, ಕಾಲು, ಹೊಟ್ಟೆ ಬೇರೆ ಬೇರೆ ತೋರಿಸುತ್ತದೆ. ಒಂದು ಗೊಂದಲ ಮಾತ್ರ ತಿಳಿದಿರಲಿ: ಮನೆಯದ್ದು ಸ್ನಾಯು 40 ಕೆಜಿ ಅಂದರೆ ಇದು 21 ಅನ್ನಬಹುದು. ಅದು ನೀರು, ಒಳ ಅಂಗಾಂಗ ಸೇರಿಸಿ ಹೇಳುತ್ತದೆ, ಇದು ಮೂಳೆಗೆ ಅಂಟಿದ ಸ್ನಾಯುವನ್ನಷ್ಟೇ. ಗಾಬರಿ ಬೇಡ.

ನನಗೆ ಸಿಟ್ಟು ಬರುವುದು ಈ ಮಷಿನ್ನಿನ ಚೀಟಿ ಹಿಡಿದು "ಮೇಡಂ, ಫ್ಯಾಟ್ 18 ಪರ್ಸೆಂಟಿಗೆ ಇಳಿಸೋಣ" ಅನ್ನುವವರ ಮೇಲೆ. 18 ಕ್ರೀಡಾಪಟುಗಳ ಅಂಕಿ ರೀ! ಹೆಂಗಸರಿಗೆ ಬದುಕಲು ಬೇಕಾದ ಕೊಬ್ಬೇ 10ರಿಂದ 13 ಪರ್ಸೆಂಟ್, ಗಂಡಸರಿಗೆ 2ರಿಂದ 5. ನಮಗೆ 25ರಿಂದ 31 ಅಂದರೆ ಸಾಮಾನ್ಯ. ಊಟ ಬಿಟ್ಟು ತೀರಾ ಇಳಿಸಿದರೆ ಮುಟ್ಟೇ ನಿಂತುಹೋಗಬಹುದು, ಮೂಳೆಯೂ ಸವೆಯುತ್ತದೆ. ತೊಡೆ, ಸೊಂಟದಲ್ಲಿ ಕೊಬ್ಬು ಕೂರುವುದು ಹೆಣ್ಣಿನ ಮೈಯ ಸ್ವಭಾವ, ಅದಕ್ಕೆ ಯಾರೂ ನಾಚಬೇಕಾಗಿಲ್ಲ.

ಇನ್ನು ಟೇಪು. ಜೀನ್ಸ್ ಹೊಲಿಯುವ ಊರು ನಮ್ಮದು, ಟೇಪು ಇಲ್ಲದ ಓಣಿ ಇಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಭಾರತದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಶುಗರ್, ಹೃದಯದ ಕಡೆ ಗಮನ ಇರಲಿ ಅಂತ ವೈದ್ಯರು ಹೇಳುತ್ತಾರೆ. ಭಾರ ಎತ್ತಲು ಶುರು ಮಾಡಿದ ಮೇಲೆ ನನ್ನ ತೂಕ ಕದಲಲಿಲ್ಲ, ಸೊಂಟ ಮಾತ್ರ 88ರಿಂದ 83ಕ್ಕೆ ಬಂತು, ಯಾಕೆಂದರೆ ಅಷ್ಟೇ ತೂಕದ ಸ್ನಾಯು ಕೊಬ್ಬಿಗಿಂತ ಕಡಿಮೆ ಜಾಗ ಹಿಡಿಯುತ್ತದೆ. 20 ಲೀಟರ್ ನೀರಿನ ಕ್ಯಾನನ್ನು ಈಗ ನಾನೇ ಎತ್ತಿಡುತ್ತೇನೆ. ಇದನ್ನು ಯಾವ ಮಷಿನ್ನೂ ತೋರಿಸಲಿಲ್ಲ.

ಮಷಿನ್ ಬೇಕೇ ಬೇಕು ಅಂದರೆ ಒಂದನ್ನೇ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ, ಬೆಳಿಗ್ಗೆ ಏನೂ ತಿನ್ನುವ ಮುಂಚೆ ನಿಂತು ನೋಡಿ.