ಮೈಕ್ರೋಬಿಟೆಕ್ಸ್ ವಿ6: ಹೊಸ ಹ್ಯಾಮ್‌ಗೆ ಮೊದಲ ಎಚ್‌ಎಫ್ ಸೆಟ್ ಆಗಬಲ್ಲದೇ? ದೀರ್ಘ ಬಳಕೆಯ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ಬಿಚ್ಚಲು ಅಂಜದವರಿಗೆ, ಮಲ್ಟಿಮೀಟರ್ ಓದಲು ಬರುವವರಿಗೆ ಹೈದರಾಬಾದಿನ ಎಚ್‌ಎಫ್ ಸಿಗ್ನಲ್ಸ್ ಕಂಪನಿಯ ಮೈಕ್ರೋಬಿಟೆಕ್ಸ್ ವಿ6 ತುಂಬ ಒಳ್ಳೆಯ ಮೊದಲ ಸೆಟ್. ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ರೇಡಿಯೊ ಪ್ರಸಾರ ಮಾಡುವವರು, ಎಚ್‌ಎಫ್ ಎಂದರೆ ದೂರದ ಸಂಪರ್ಕಕ್ಕೆ ಬಳಸುವ 3ರಿಂದ 30 ಮೆಗಾಹರ್ಟ್ಸ್‌ನ ಶಾರ್ಟ್‌ವೇವ್. ಡಬ್ಬದಿಂದ ತೆಗೆದು, ವೈರು ಸಿಕ್ಕಿಸಿ, ಆ ಸಂಜೆಯೇ ದೂರದೇಶದವರ ಜೊತೆ ಮಾತಾಡಬೇಕು ಎನ್ನುವವರು ಇದನ್ನು ಕೊಳ್ಳಬೇಡಿ. 10 ವ್ಯಾಟ್‌ನ ಸೆಟ್ಟಿನಿಂದ ಏನು ಸಿಗುತ್ತದೆ ಎನ್ನುವುದರಲ್ಲಿ ಮುಕ್ಕಾಲು ಪಾಲು ಆ್ಯಂಟೆನಾದ ಕೈಯಲ್ಲೂ ಮನೆಯೊಳಗಿನ ವಿದ್ಯುತ್ ಗದ್ದಲದ ಕೈಯಲ್ಲೂ ಇರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಸೆಟ್ಟಿನಷ್ಟೇ ಅದರ ಸುತ್ತಲಿನ ಕೆಲಸದ ಮಾತೂ ಇದೆ.

ಸೆಟ್ಟಿನ ವಿನ್ಯಾಸಕರು ಅಶ್ಹರ್ ಫರ್ಹಾನ್, ಕಾಲ್ ಸೈನ್ (ಹ್ಯಾಮ್‌ಗೆ ಸರ್ಕಾರ ಕೊಡುವ ಗುರುತಿನ ಸಂಕೇತ) ವಿಯು2ಇಎಸ್‌ಇ. ಬೋರ್ಡು ಬೆಸುಗೆಯಾಗಿಯೇ ಬರುತ್ತದೆ, ನಮ್ಮ ಪಾಲಿಗೆ ಉಳಿಯುವುದು ಜೋಡಣೆ ಮತ್ತು ಹೊಂದಿಕೆ. 3ರಿಂದ 30 ಮೆಗಾಹರ್ಟ್ಸ್‌ವರೆಗೆ ಎಸ್‌ಎಸ್‌ಬಿ (ಮಾತು) ಮತ್ತು ಸಿಡಬ್ಲ್ಯು (ಮೋರ್ಸ್), ಮುಂಭಾಗದಲ್ಲಿ ಟಚ್ ಸ್ಕ್ರೀನ್, ಒಳಗೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಕೊನೆಯ ಹಂತದಲ್ಲಿ ಶಕ್ತಿ ಹೆಚ್ಚಿಸುವ ಎರಡು ಐಆರ್‌ಎಫ್510 ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್). 13.8 ವೋಲ್ಟ್ ಕೊಟ್ಟರೆ 80 ಮತ್ತು 40 ಮೀಟರ್ ಬ್ಯಾಂಡಿನಲ್ಲಿ 10 ವ್ಯಾಟ್ ಆಸುಪಾಸು. ಮೇಲಿನ ಬ್ಯಾಂಡುಗಳಿಗೆ ಹೋದಂತೆ ಶಕ್ತಿ ಇಳಿಯುತ್ತ 28 ಮೆಗಾಹರ್ಟ್ಸ್‌ನಲ್ಲಿ ಅರ್ಧವೂ ಉಳಿಯುವುದಿಲ್ಲ. ಸಿಗ್ನಲ್ ಎಷ್ಟು ಬಲವಿದೆ ಎಂದು ತೋರಿಸುವ ಎಸ್ ಮೀಟರ್ ಇಲ್ಲ, ಚಟಪಟ ಸದ್ದು ತಡೆಯುವ ನಾಯ್ಸ್ ಬ್ಲ್ಯಾಂಕರ್ ಇಲ್ಲ, ದನಿಯನ್ನು ತಾನಾಗಿ ಸಮಮಾಡುವ ಎಜಿಸಿ ಇಲ್ಲ. ಆದರೆ ಸರ್ಕ್ಯೂಟ್ ನಕ್ಷೆ, ಸಾಫ್ಟ್‌ವೇರ್ ಎರಡೂ ಮುಕ್ತವಾಗಿವೆ. ಯಾವ ಬಿಡಿಭಾಗ ಕೆಟ್ಟರೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಲೆದು ತಂದು ಹಾಕಿಕೊಳ್ಳಬಹುದು. ದುಬಾರಿ ಜಪಾನಿ ಸೆಟ್ಟುಗಳಲ್ಲಿ ಈ ಸ್ವಾತಂತ್ರ್ಯ ಸಿಗುವುದಿಲ್ಲ, ಇಷ್ಟು ಕೊರತೆಗಳ ನಡುವೆಯೂ ನಾನು ಇದರ ಪರ ನಿಲ್ಲುವುದು ಅದಕ್ಕೇ.

ಪರವಾನಗಿ

ಕೇಳುವುದು ಬೇರೆ, ಪಿಟಿಟಿ (ಪ್ರಸಾರ ಶುರುಮಾಡುವ ಗುಂಡಿ) ಒತ್ತುವುದು ಬೇರೆ. ಪ್ರಸಾರಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರವಾನಗಿ ಬೇಕೇ ಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಅರ್ಜಿ, ಶುಲ್ಕ, ದಾಖಲೆ ಎಲ್ಲವೂ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಹೊಸಬರು ಎಡವುವುದು ಒಂದು ಕಡೆ: ಪರೀಕ್ಷೆ ಪಾಸಾದರೆ ಕೈಗೆ ಬರುವುದು ಆಪರೇಟರ್ ಪ್ರಮಾಣಪತ್ರ ಮಾತ್ರ. ಕಾಲ್ ಸೈನ್ ಇರುವ ಪರವಾನಗಿಗೆ ಆಮೇಲೆ ಬೇರೆಯೇ ಅರ್ಜಿ ಹಾಕಬೇಕು. ಅದು ಬರುವವರೆಗೆ ಪ್ರಸಾರ ಮಾಡುವಂತಿಲ್ಲ. ಇನ್ನೊಂದು ತೊಡಕು ನಮ್ಮ ಕಡೆಯ ಇನಿಷಿಯಲ್ಲಿನದು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದದ್ದು. ಅರ್ಜಿ ಹಾಕುವ ಮೊದಲೇ ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ರೀತಿ ಇರುವಂತೆ ಸರಿಮಾಡಿಸಿಕೊಳ್ಳಿ, ಇಲ್ಲದಿದ್ದರೆ ಕಡತ ಅಲ್ಲೇ ಕೂರುತ್ತದೆ.

ದರ್ಜೆ ಎರಡು. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ಸಿದ್ಧಾಂತ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಸಾಕು, ಕಾಲ್ ಸೈನ್ ವಿಯು3ರಿಂದ ಶುರುವಾಗುತ್ತದೆ. ಜನರಲ್ ದರ್ಜೆಗೆ ಅದರ ಜೊತೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಲೂ ಬರಬೇಕು, ಕೇಳಿ ಬರೆಯಲೂ ಬರಬೇಕು. ಪಾಸಾದರೆ ವಿಯು2. ಎಂಟು ಪದ ಎಂದರೆ ನಿಮಿಷಕ್ಕೆ 40 ಅಕ್ಷರ, ಹೆದರುವಷ್ಟು ವೇಗವಲ್ಲ. ಕಲಿಯುವಾಗ ಒಂದೊಂದು ಅಕ್ಷರವನ್ನೂ 15-18 ಪದದ ವೇಗದಲ್ಲೇ ಕೇಳಿ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಿ. ನಿಧಾನದ ಚುಕ್ಕಿ ಗೆರೆಗಳನ್ನು ಎಣಿಸಿ ಕಲಿತವರು ವೇಗ ಏರಿದಾಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಬೆಂಗಳೂರಿನಲ್ಲಿದ್ದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಎರಡನ್ನೂ ವಿಚಾರಿಸಿ. ಪುಸ್ತಕದಲ್ಲಿ ಸಿಗದ ಅಭ್ಯಾಸ ಅನುಭವಸ್ಥರ ಜೊತೆ ಕೂತರೆ ಸಿಗುತ್ತದೆ.

ಸೆಟ್ಟನ್ನು ಹೊರದೇಶದಿಂದ ತರಿಸುವುದಾದರೆ ಮೊದಲು ಡಬ್ಲ್ಯುಪಿಸಿಯ ಆಮದು ಅನುಮತಿ ಪಡೆಯಿರಿ, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ದೇಶದಲ್ಲೇ ತಯಾರಾಗುವ ಮೈಕ್ರೋಬಿಟೆಕ್ಸ್‌ಗೆ ಈ ಗೋಜಲಿಲ್ಲ. ಅಗ್ಗದ ಚೀನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ಇಟ್ಟುಕೊಂಡವರಿಗೂ ಒಂದು ಮಾತು: ಅದು 136-174 ಮತ್ತು 400ರ ಮೇಲಿನ ಎಲ್ಲ ಕಡೆ ಪ್ರಸಾರ ಮಾಡಬಲ್ಲದು, ನಮಗೆ ಇರುವುದು 144-146 ಮತ್ತು 434-438 ಮೆಗಾಹರ್ಟ್ಸ್ ಮಾತ್ರ. ಉಳಿದ ಕಡೆ ಪೊಲೀಸು, ಅಗ್ನಿಶಾಮಕದವರ ಸಂಪರ್ಕ ನಡೆಯುತ್ತಿರುತ್ತದೆ.

ಮೊದಲ ದಿನ: ಆ್ಯಂಟೆನಾ ಅಲ್ಲ, ಡಮ್ಮಿ ಲೋಡ್

ಡಮ್ಮಿ ಲೋಡ್ ಎಂದರೆ ಪರೀಕ್ಷೆಯ ಹೊತ್ತಿನಲ್ಲಿ ಆ್ಯಂಟೆನಾದ ಬದಲು ಸಿಕ್ಕಿಸುವ, ಶಕ್ತಿಯನ್ನು ಶಾಖವಾಗಿ ಹೀರಿಕೊಳ್ಳುವ ರೆಸಿಸ್ಟರ್. 1 ಕಿಲೋ ಓಮ್, 1 ವ್ಯಾಟ್‌ನ 20 ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಬೆಸೆದರೆ 50 ಓಮ್, 20 ವ್ಯಾಟ್‌ನ ಡಮ್ಮಿ ಲೋಡ್ ಸಿದ್ಧ. ವೈರ್ ಸುತ್ತಿದ ರೆಸಿಸ್ಟರ್ ಬೇಡ, ಅದು ಎಚ್‌ಎಫ್‌ನಲ್ಲಿ ಕಾಯಿಲಿನಂತೆ ವರ್ತಿಸುತ್ತದೆ. ಲೋಡಿನ ತುದಿಗೆ ಒಂದು 1ಎನ್4148 ಡಯೋಡ್, ಅದರಾಚೆ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಮಲ್ಟಿಮೀಟರಿನಲ್ಲೇ ಶಕ್ತಿ ಅಳೆಯಬಹುದು. ಓದಿದ ವೋಲ್ಟಿಗೆ 0.7 ಸೇರಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. ಮೀಟರ್ 31 ವೋಲ್ಟ್ ತೋರಿಸಿದರೆ ಹೆಚ್ಚುಕಡಿಮೆ 10 ವ್ಯಾಟ್.

ವಿದ್ಯುತ್ ಕೊಡುವ ಮೊದಲು ಪಾಸಿಟಿವ್ ತಂತಿಯಲ್ಲಿ 3 ಆಂಪಿಯರ್ ಫ್ಯೂಸ್ ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೂ ಬೋರ್ಡ್ ಉಳಿಯಲೆಂದು ಫ್ಯೂಸಿನಾಚೆ ಒಂದು 1ಎನ್5408 ಡಯೋಡನ್ನು ಉಲ್ಟಾ ಕಟ್ಟಿ. ತಪ್ಪಿದರೆ ಹೋಗುವುದು ಐದು ರೂಪಾಯಿಯ ಫ್ಯೂಸ್. ಮಾತಾಡುವಾಗ ಸೆಟ್ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸಿಸಿಟಿವಿಗೆ ಹಾಕುವ ಅಗ್ಗದ 12 ವೋಲ್ಟ್ ಎಸ್‌ಎಂಪಿಎಸ್ ಅಡಾಪ್ಟರ್ ಬಳಸಿದರೆ 40 ಮೀಟರಿನಲ್ಲಿ ಝುಂಯ್ ಎನ್ನುವ ಸದ್ದಿನ ಕೆಳಗೆ ಸಣ್ಣ ಸಿಗ್ನಲ್‌ಗಳೆಲ್ಲ ಮುಳುಗುತ್ತವೆ. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಒಂದು ಸಂಜೆಯ ಮಾತುಕತೆಗೆ ಧಾರಾಳ ಸಾಕು, ಸದ್ದೂ ಇಲ್ಲ.

ಆವರ್ತನದ ಹೊಂದಿಕೆಗೆ 10 ಮೆಗಾಹರ್ಟ್ಸ್‌ನಲ್ಲಿ ಕೇಳಿಬರುವ ಚೀನಾದ ಬಿಪಿಎಂ ಸಮಯ ಕೇಂದ್ರ ಒಳ್ಳೆಯ ಆಧಾರ. ಸೆಟ್ಟನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಆಮೇಲೆ ಸರಿಹೊಂದಿಸಿ. ಸಿಕ್ಕ ಕ್ಯಾಲಿಬ್ರೇಷನ್ ಮತ್ತು ಬಿಎಫ್‌ಒ (ಎಸ್‌ಎಸ್‌ಬಿ ದನಿಯನ್ನು ಸ್ಪಷ್ಟವಾಗಿಸುವ ಒಳಗಿನ ಆಸಿಲೇಟರ್) ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಮುಚ್ಚಳದ ಒಳಗೆ ಅಂಟಿಸಿ. ಸಾಫ್ಟ್‌ವೇರ್ ಬದಲಿಸುವಾಗ ಅವು ಅಳಿಸಿಹೋದರೆ ಈ ಚೀಟಿಯೇ ಗತಿ.

ಆ್ಯಂಟೆನಾ: ಹಣಕ್ಕಿಂತ ತಾಳ್ಮೆ ಬೇಡುವ ಕೆಲಸ

40 ಮೀಟರ್ ಬ್ಯಾಂಡಿನ ಡೈಪೋಲ್‌ನಿಂದಲೇ (ನಡುವೆ ಕೇಬಲ್, ಎರಡೂ ಬದಿಗೆ ಸಮ ಉದ್ದದ ವೈರಿನ ಕೈ) ಶುರುಮಾಡಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ ಸಿಗುತ್ತದೆ. 7.1ಕ್ಕೆ ಅದು 20.1 ಮೀಟರ್, ಒಂದೊಂದು ಕೈ 10 ಮೀಟರ್ ಚಿಲ್ಲರೆ. ಮನೆ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಕತ್ತರಿಸುವಾಗ ಒಂದೊಂದು ಕೈಗೆ 10.4 ಮೀಟರ್ ಇಡಿ. ಪಿವಿಸಿ ಹೊದಿಕೆಯ ವೈರು ಲೆಕ್ಕಕ್ಕಿಂತ ಎರಡು ಮೂರು ಶೇಕಡಾ ಉದ್ದವಿರುವಂತೆ ವರ್ತಿಸುವುದರಿಂದ ಕೊನೆಗೆ ಉಳಿಯುವುದು 10 ಮೀಟರಿಗಿಂತ ಸ್ವಲ್ಪ ಕಡಿಮೆ. ಆ್ಯಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೊವಿಎನ್‌ಎಯಲ್ಲಿ 6.5ರಿಂದ 7.5 ಮೆಗಾಹರ್ಟ್ಸ್‌ವರೆಗೆ ನೋಡಿ, ಎಸ್‌ಡಬ್ಲ್ಯುಆರ್ (ಆ್ಯಂಟೆನಾ ಎಷ್ಟು ಹೊಂದುತ್ತದೆ ಎನ್ನುವ ಅಳತೆ, ಕಡಿಮೆಯಿದ್ದಷ್ಟು ಒಳ್ಳೆಯದು) ಎಲ್ಲಿ ತಳ ಮುಟ್ಟುತ್ತದೆ ಎಂದು ಗುರುತಿಸಿ. 100 ಕಿಲೋಹರ್ಟ್ಸ್ ಮೇಲೇರಿಸಲು ಒಂದೊಂದು ಕೈಯಲ್ಲಿ ಸುಮಾರು 14 ಸೆಂಟಿಮೀಟರ್ ಕಡಿಮೆಯಾಗಬೇಕು. ತಳ 6.9ರಲ್ಲಿದ್ದರೆ 28 ಸೆಂಟಿಮೀಟರ್. ಒಮ್ಮೆಗೇ ಕತ್ತರಿಸಬೇಡಿ, ತುದಿಯನ್ನು ಹಿಂದಕ್ಕೆ ಮಡಚಿ ಅದೇ ವೈರಿಗೆ ಬಿಗಿಯಾಗಿ ಸುತ್ತಿ ಮತ್ತೆ ಅಳೆಯಿರಿ.

ಎತ್ತರ 7-9 ಮೀಟರ್ ಇದ್ದರೂ ಬೇಸರ ಬೇಡ. ಅಷ್ಟು ತಗ್ಗಿನ ಡೈಪೋಲ್ ಶಕ್ತಿಯನ್ನು ಬಹುತೇಕ ನೆತ್ತಿಯ ಮೇಲಕ್ಕೆ ಕಳಿಸುತ್ತದೆ. ಅದು ಅಯಾನುಗೋಳಕ್ಕೆ ಬಡಿದು ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಹಗಲು ಹೊತ್ತು ಬೆಂಗಳೂರಿನಿಂದ ಮಂಗಳೂರು, ಹುಬ್ಬಳ್ಳಿ, ಚೆನ್ನೈ 10 ವ್ಯಾಟ್‌ಗೆ ಸಿಗುವುದು ಇದರಿಂದಲೇ. ರಾತ್ರಿ ಕತೆ ಬದಲಾಗುತ್ತದೆ: ಹತ್ತಿರದವರು ಮಾಯ, ದೂರದವರು ಪ್ರತ್ಯಕ್ಷ. ತಾರಸಿಯಲ್ಲಾದರೆ 6 ಮೀಟರಿನ ಒಂದು ಜಿಐ ಪೈಪನ್ನು ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ಎರಡು ಕೈಗಳನ್ನು ಇಳಿಜಾರಾಗಿ ಎಳೆಯಿರಿ, ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ. ತೋಟವಿದ್ದವರಿಗೆ ಅಡಿಕೆ ಮರಕ್ಕಿಂತ ಒಳ್ಳೆಯ ಕಂಬ ಇಲ್ಲ, ಆದರೆ ಗಾಳಿಗೆ ಅದು ಬಾಗುವಷ್ಟು ಬೇರೆ ಯಾವ ಮರವೂ ಬಾಗದು. ಬಿಗಿಯಾಗಿ ಕಟ್ಟಿದ ವೈರು ಮೊದಲ ಮಳೆಗಾಳಿಗೇ ತುಂಡಾಗುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಕೆಳಗೆ ಎರಡು ಇಟ್ಟಿಗೆಯ ಭಾರ ತೂಗಿಬಿಡಿ. ಮರ ಬಾಗಿದಂತೆ ಇಟ್ಟಿಗೆ ಏರಿಳಿಯುತ್ತದೆ, ವೈರಿಗೆ ಪೆಟ್ಟಿಲ್ಲ.

ಕೇಬಲ್ ಆ್ಯಂಟೆನಾಕ್ಕೆ ಸೇರುವಲ್ಲಿ ಚೋಕ್ (ಕೇಬಲಿನ ಹೊರಮೈಯ ಕರೆಂಟ್ ತಡೆಯುವ ಸುರುಳಿ) ಹಾಕುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಈ ಸೆಟ್ಟಿಗೆ ಅದು ಕಡ್ಡಾಯ ಎಂದೇ ತಿಳಿಯಿರಿ. ಚೋಕ್ ಇಲ್ಲದಿದ್ದರೆ ಕೇಬಲಿನ ಹೊರಮೈಯಲ್ಲಿ ಹರಿದು ಬಂದ ಆರ್‌ಎಫ್ (ರೇಡಿಯೊ ಶಕ್ತಿ) ಮೈಕಿಗೆ ನುಗ್ಗಿ ದನಿ ಗೊರಗೊರ ಎನ್ನುತ್ತದೆ, ಮೋರ್ಸ್ ಕೀ ಮುಟ್ಟದೆಯೇ ಚುಕ್ಕಿ ಬೀಳುತ್ತದೆ, ಟಚ್ ಸ್ಕ್ರೀನ್ ತಾನಾಗಿ ಬ್ಯಾಂಡ್ ಬದಲಿಸುತ್ತದೆ. ಸೆಟ್ ಕೆಟ್ಟಿದೆ ಎಂದು ದೂರುವವರ ತೊಂದರೆ ಎಷ್ಟೋ ಸಲ ಇದೇ ಆಗಿರುತ್ತದೆ. 110 ಮಿಲಿಮೀಟರಿನ ಪಿವಿಸಿ ಪೈಪಿನ ಮೇಲೆ 6 ಮೀಟರ್ ಆರ್‌ಜಿ-58 ಕೇಬಲನ್ನು ಒತ್ತೊತ್ತಾಗಿ ಒಂದೇ ಪದರದಲ್ಲಿ ಸುತ್ತಿ. ಹದಿನಾರು ಹದಿನೇಳು ಸುತ್ತು ಬರುತ್ತದೆ, ಅಷ್ಟೇ ಚೋಕ್. ಜಾಯಿಂಟಿನ ಮೇಲೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಸಾಮಾನ್ಯ ಟೇಪು. ಮಲೆನಾಡು, ಕರಾವಳಿಯಲ್ಲಿ ಇದನ್ನು ಮಾಡದಿದ್ದರೆ ಒಂದೇ ಮಳೆಗಾಲದಲ್ಲಿ ಕೇಬಲಿನ ಹೆಣಿಗೆ ಹಸಿರುಗಟ್ಟಿ ಪುಡಿಯಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೇ ಬಿಡಿ. ಕರೆಂಟಿನ ಕಂಬದ ತಂತಿ ಇರುವ ಕಡೆ ವೈರು ಎಸೆಯುವ ಸಾಹಸ ಯಾವ ಕಾರಣಕ್ಕೂ ಬೇಡ.

ಮನೆಯ ಗದ್ದಲ ಹಿಡಿಯುವ ಬಗೆ: ಸೆಟ್ಟನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ ಕೇಳಿ. ಸದ್ದು ಇಳಿದರೆ ಎಂಸಿಬಿಗಳನ್ನು ಒಂದೊಂದಾಗಿ ಹಾಕುತ್ತ ಬನ್ನಿ. ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ವೈಫೈ ರೂಟರಿನ ಅಡಾಪ್ಟರ್, ಹೀಗೆ ಕಳ್ಳ ಸಿಕ್ಕೇ ಸಿಗುತ್ತಾನೆ.

ವರ್ಷಗಳ ಬಳಕೆಯಲ್ಲಿ ಏನು ಸವೆಯುತ್ತದೆ

ಎಜಿಸಿ ಇಲ್ಲದ್ದು ದಿನನಿತ್ಯ ಕಾಡುವ ಕೊರತೆ. ಸಣ್ಣ ಸಿಗ್ನಲ್ ಕೇಳಲು ದನಿ ಏರಿಸಿಟ್ಟಾಗ ಅದೇ ಊರಿನ ಹ್ಯಾಮ್ ಒಬ್ಬರು ಬಂದರೆ ಕಿವಿಗೆ ಏಟು ಬಿದ್ದಂತೆ. ಹೆಡ್‌ಫೋನಿನ ಎರಡು ತಂತಿಗಳ ನಡುವೆ ಎದುರುಬದುರಾಗಿ ಎರಡು 1ಎನ್4148 ಡಯೋಡ್ ಹಾಕಿದರೆ ಕಿವಿ ಉಳಿಯುತ್ತದೆ. ಪೂರ್ತಿ ಪರಿಹಾರಕ್ಕೆ ಸಣ್ಣ ಎಜಿಸಿ ಬೋರ್ಡ್ ಸೇರಿಸಬೇಕು.

ಟ್ಯೂನಿಂಗ್ ಗುಂಡಿಯ ತಿರುವು ಎಣಿಸುವ ಎನ್‌ಕೋಡರ್ ಯಾಂತ್ರಿಕ ಬಗೆಯದು. ಬಳಸಿದಂತೆ ಹೆಜ್ಜೆ ತಪ್ಪುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಓಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಬದುಕಿಸುತ್ತದೆ, ಆಮೇಲೆ ಹೊಸದು ಹಾಕಿ. ಕರಾವಳಿಯ ತೇವಕ್ಕೆ ರಿಲೇ ಸಂಪರ್ಕಗಳೂ ಮಂಕಾಗುತ್ತವೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲದಲ್ಲಿ ಆಗಾಗ ಬದಲಿಸಿ.

ಎಫ್‌ಟಿ8 (ಕಂಪ್ಯೂಟರಿನಿಂದ ಕಿರುಸಂದೇಶ ಕಳಿಸುವ ಡಿಜಿಟಲ್ ವಿಧಾನ) ಮಾಡುವವರು ಒಂದು ವಿಷಯ ಮರೆಯಬಾರದು. ಅಲ್ಲಿ ಪ್ರತಿ ಸರದಿಗೆ 12 ಸೆಕೆಂಡಿಗೂ ಮಿಕ್ಕಿ ಪೂರ್ತಿ ಶಕ್ತಿ ಒಂದೇ ಸಮ ಹೋಗುತ್ತಿರುತ್ತದೆ, ಮಾತಿನಲ್ಲಿರುವಂಥ ಬಿಡುವು ಇಲ್ಲ. 5 ವ್ಯಾಟ್‌ಗೆ ಇಳಿಸದಿದ್ದರೆ ಐಆರ್‌ಎಫ್510 ಸುಡುತ್ತದೆ. ಆ್ಯಂಟೆನಾ ಸಿಕ್ಕಿಸದೆ ಪಿಟಿಟಿ ಒತ್ತಿದರೂ ಅದೇ ಗತಿ. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಅದರ ಲೋಹದ ಬೆನ್ನು ಡ್ರೈನ್ (ವಿದ್ಯುತ್ ಇರುವ ತುದಿ) ಆದ್ದರಿಂದ ಹೀಟ್‌ಸಿಂಕ್ ನಡುವೆ ಮೈಕಾ ಹಾಳೆ ಬೇಕು. ವಿದ್ಯುತ್ ಕೊಡುವ ಮೊದಲು ಬೆನ್ನಿಗೂ ಹೀಟ್‌ಸಿಂಕಿಗೂ ಸಂಪರ್ಕ ಇಲ್ಲವೆಂದು ಮಲ್ಟಿಮೀಟರಿನಲ್ಲಿ ಖಚಿತಮಾಡಿಕೊಳ್ಳಿ. ಎರಡೂ ಬಯಾಸ್ ಪ್ರೀಸೆಟ್‌ಗಳನ್ನು (ಮಾಸ್‌ಫೆಟ್‌ನ ನಿಂತ ಕರೆಂಟ್ ಹೊಂದಿಸುವ ಪುಟ್ಟ ತಿರುಗಣಿಗಳು) ಗೇಟ್ ವೋಲ್ಟೇಜ್ ಅತಿ ಕಡಿಮೆ ಬರುವಂತೆ ತಿರುಗಿಸಿ, ಡಮ್ಮಿ ಲೋಡ್ ಹಾಕಿ, ಮೈಕಿಗೆ ಮಾತಾಡದೆ ಪಿಟಿಟಿ ಒತ್ತಿ ಕರೆಂಟ್ ಬರೆದುಕೊಳ್ಳಿ. ಒಂದು ಪ್ರೀಸೆಟ್ಟನ್ನು ಕರೆಂಟ್ 100 ಮಿಲಿ ಆಂಪಿಯರ್ ಏರುವವರೆಗೆ ತಿರುಗಿಸಿ, ಆಮೇಲೆ ಇನ್ನೊಂದನ್ನು ಮತ್ತೆ 100 ಏರುವವರೆಗೆ.

ಹಳೆಯದನ್ನು ಕೊಳ್ಳುವವರು ಮೇಲೆ ಹೇಳಿದ ಡಮ್ಮಿ ಲೋಡನ್ನು ಜೊತೆಗೇ ಒಯ್ಯಿರಿ. ಮಾತಾಡದೆ ಪಿಟಿಟಿ ಒತ್ತಿದಾಗ ಅದರ ಮೀಟರಿನಲ್ಲಿ ಒಂದೆರಡು ವೋಲ್ಟ್ ಕಂಡರೆ ಕ್ಯಾರಿಯರ್ (ಮಾತಿಲ್ಲದ ಬರಿ ಅಲೆ) ಸೋರುತ್ತಿದೆ ಅಥವಾ ಕೊನೆಯ ಹಂತ ತಾನಾಗಿ ಕೂಗುತ್ತಿದೆ. 7.1ರಲ್ಲಿ ಸಿಡಬ್ಲ್ಯು ಕೀ ಒತ್ತಿದಾಗ 25 ವೋಲ್ಟಿಗಿಂತ ಕಡಿಮೆ ಬಂದರೆ ಹೊಸ ಮಾಸ್‌ಫೆಟ್ ಜೋಡಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆದುಕೊಳ್ಳಿ.