ಕ್ಯಾನ್ಸರ್ ಔಷಧಿ ಅವಾಸ್ಟಿನ್: ಹೆಸರು ದೊಡ್ಡದು, ಕೆಲಸ ಎಷ್ಟು?

ಹೊಸ ರಕ್ತನಾಳ ಸಿಗದಿದ್ದರೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಲ್ಲ, ಆ ನಾಳ ಬೆಳೆಯೋದನ್ನೇ ತಡೆದರೆ ಹೇಗೆ ಅಂತ ಬೋಸ್ಟನ್‌ನ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಬರೆದಿದ್ದರು. ನಂಬಿದವರು ಕಡಿಮೆ. ಆ ದಾರಿಯಲ್ಲೇ ಬಂದ ಅವಾಸ್ಟಿನ್‌ಗೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮೊದಲ ಡ್ರಿಪ್ 90 ನಿಮಿಷ, ಒಗ್ಗಿದರೆ ಆಮೇಲೆ 30ಕ್ಕೇ ಮುಗಿಯುತ್ತೆ. ಆದರೆ ಬಿಪಿ ಏರುತ್ತೆ, ಗಾಯ ಬೇಗ ಮಾಯಲ್ಲ, ಹಾಗಾಗಿ ಆಪರೇಷನ್‌ಗೆ ಕನಿಷ್ಠ 28 ದಿನ ಮೊದಲೇ ನಿಲ್ಲಿಸಬೇಕು. ಬೇರೆಡೆಗೆ ಹರಡಿದ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕೀಮೋ ಜೊತೆ ಕೊಟ್ಟಾಗ ಅರ್ಧದಷ್ಟು ರೋಗಿಗಳಾದರೂ ಬದುಕಿದ ಅವಧಿ 15.6ರಿಂದ 20.3 ತಿಂಗಳಿಗೆ ಹೋಯಿತು, ಅಷ್ಟೇ. ಪವಾಡ ಅಂತೂ ಅಲ್ಲ. ಬೆಲೆ ಜಾಸ್ತಿ ಅನ್ನೋರಿಗೆ ಬೆಂಗಳೂರಿನ ಬಯೋಕಾನ್ ಹೊರತಂದ, ಇದನ್ನೇ ಹೋಲುವ ಔಷಧಿ ಕ್ರಾಬೆವಾ ಇದೆ. ನನ್ನ ಲೆಕ್ಕದಲ್ಲಿ ಅವಾಸ್ಟಿನ್‌ಗೆ ಐದಕ್ಕೆ ಮೂರು. ಕಣ್ಣಿನ ಡಾಕ್ಟರುಗಳು ಇದನ್ನೇ ಚೂರೇ ಚೂರು ಸಿರಿಂಜಿಗೆ ತುಂಬಿ ರೆಟಿನಾ ಕಾಯಿಲೆಗೆ ಹಾಕ್ತಾರಲ್ವಾ, ಅಲ್ಲಿ ಮಾತ್ರ ಐದಕ್ಕೆ ಐದು.